ತಾಯಿಯ ಹೆಸರು ಹೇಳಿ

ಫೋನಿನ ನೆತ್ತಿಯ ಮೂಲೆಯಲ್ಲಿ ಯಾವಾಗಲೂ ಮೆಟ್ಟಿಲಿನ ಹಾಗೆ ನಿಂತಿರುತ್ತಿದ್ದ ಸಣ್ಣ ಕಡ್ಡಿಗಳು ಇವತ್ತು ಬೆಳಿಗ್ಗೆ ಇರಲಿಲ್ಲ. ಇನ್‌ಶಿರಾಹ್ ಮೊದಲು ಕನ್ನಡಕ ಒರೆಸಿ ನೋಡಿದಳು. ಆಮೇಲೆ ಫೋನನ್ನೇ ತೋಳಿನ ಬಟ್ಟೆಗೆ ಉಜ್ಜಿ ನೋಡಿದಳು. ಕೊನೆಗೆ ಚಹಾದ ನೀರನ್ನು ಒಲೆಯ ಮೇಲೆ ಬಿಟ್ಟು ಮಾಳಿಗೆ ಹತ್ತಿ, ಒಣಹಾಕಿದ ಬಟ್ಟೆಗಳ ನಡುವೆ ನಿಂತು, ಕೈ ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು ಮೇಲಕ್ಕೆತ್ತಿ ಆಕಾಶಕ್ಕೆ ಫೋನು ತೋರಿಸಿದಳು. ಸಮುದ್ರದ ಕಡೆಯ ಗಾಳಿ ಕರ್ಮೂಝ್ ಕೇರಿಯ ಮಾಳಿಗೆಗಳ ಮೇಲೆಲ್ಲ ಎಂದಿನಂತೆ ಓಡಾಡಿಕೊಂಡಿತ್ತು. ಪಕ್ಕದ ಮಾಳಿಗೆಯ ಗೂಡಿನೊಳಗೆ ಪಾರಿವಾಳಗಳ ಗುಟುರು. ಅದರಾಚೆ ಯಾರದೋ ಫೋನಿನಲ್ಲಿ ಹಾಡು. ಹಾಗಾದರೆ ಅಲೆಕ್ಸಾಂಡ್ರಿಯಾದ ಗಾಳಿಗೆ ಏನೂ ಆಗಿಲ್ಲ. ಆಗಿರುವುದು ತನ್ನೊಬ್ಬಳಿಗೇ. ಹೀಗೆ ಅನ್ನಿಸಿದ್ದೇ ತಡ, ನಿನ್ನೆ ಮಧ್ಯಾಹ್ನದ ಆ ದನಿ ಮತ್ತೆ ಕಿವಿಯ ಬಳಿ ಬಂದು ಕೂತಿತು. ನೊಣ ಓಡಿಸುವ ಹಾಗೆ ಅದನ್ನು ಓಡಿಸಿದಳು. ನೊಣದ ಹಾಗೆಯೇ ಅದು ಒಂದು ಸುತ್ತು ಹಾಕಿ ಅಲ್ಲಿಗೇ ಬಂತು. ಅಮ್ಮಾ, ಎಂದಿತ್ತು ಆ ದನಿ. ಅಮ್ಮಾ, ತಮಗೆ ತೊಂದರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ.

ನಂಬರು ಹೋದರೆ ಇನ್ನೊಂದು ತಗೊಂಡರಾಯಿತು ಎನ್ನುವವರು ಬೇರೆ ಕಸುಬಿನವರು. ಇನ್‌ಶಿರಾಹ್ ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವಳು. ಅವಳ ಹತ್ತಿರ ಯಾರ ನಂಬರೂ ಇರುವುದಿಲ್ಲ. ಎಲ್ಲರ ಹತ್ತಿರ ಅವಳದ್ದಿರುತ್ತದೆ. ಅಡಿಗೆಮನೆಯ ಗೋಡೆಯ ಮೇಲೆ, ಔಷಧದ ಡಬ್ಬಿಯ ಮುಚ್ಚಳದ ಒಳಗೆ, ಹಾಸಿಗೆ ಹಿಡಿದ ಅತ್ತೆಯ ಕಣ್ಣಿಗೆ ಬೀಳದ ಹಾಗೆ ಕಪಾಟಿನ ಬಾಗಿಲ ಹಿಂದೆ. ಹಬ್ಬದ ದಿನ ಒಳ್ಳೆಯ ಮಾತು ಹೇಳುವುದಕ್ಕೆ ಕೂಡ ಯಾರೂ ಆ ನಂಬರಿಗೆ ಕರೆ ಮಾಡುವುದಿಲ್ಲ, ಅಪಶಕುನ. ಬೀದಿಯಲ್ಲಿ ಎದುರಾದರೆ ಹೆಂಗಸರು ನಗುತ್ತಾರೆ, ಆದರೆ ಕೈ ಹಿಡಿದುಕೊಂಡ ಮಗುವನ್ನು ಇನ್ನೊಂದು ಪಕ್ಕಕ್ಕೆ ದಾಟಿಸಿಕೊಂಡು ನಗುತ್ತಾರೆ. ಇದಕ್ಕೆಲ್ಲ ಅವಳು ಒಗ್ಗಿಹೋಗಿದ್ದಳು. ಸ್ನಾನಕ್ಕೆ ದುಡ್ಡು ಮುಟ್ಟುವುದಿಲ್ಲ ಎಂಬ ಒಂದು ಹಟವನ್ನು ಮಾತ್ರ ಇಟ್ಟುಕೊಂಡಿದ್ದಳು. ಆ ಹಟದ ಮೇಲೆ ನಿಂತು ಯಾರ ಮುಖವನ್ನು ಬೇಕಾದರೂ ನೇರ ನೋಡಬಹುದಿತ್ತು. ಊರಂಚಿನ ಅಜಮಿಯಲ್ಲಿ ಮಗಳ ಮನೆ ಸೇರಿಕೊಂಡ ಬೀದಿಯ ಮುದುಕಿ ಹಾಜ್ಜಾ ದೌಲತ್, ಮಂಚ ಕುರ್ಚಿಗಳು ಗಾಡಿ ಏರಿದ ದಿನ, ಇದೇ ಮಾಳಿಗೆಗೆ ಏದುಸಿರು ಬಿಡುತ್ತ ಹತ್ತಿ ಬಂದು, ಇದೇ ಒಗೆದ ಬಟ್ಟೆಗಳ ಮರೆಯಲ್ಲಿ ಅವಳ ಕಿವಿಗೆ ಬಾಯಿಟ್ಟು ಒಂದು ಹೆಸರು ಹೇಳಿದ್ದಳು. "ನನ್ನ ಹೆತ್ತವಳ ಹೆಸರು ಕಣೇ. ನಾನು ಸಣ್ಣವಳಿದ್ದಾಗ್ಲೇ ಹೋದ್ಲು. ಅಪ್ಪ ಇನ್ನೊಬ್ಬಳನ್ನ ತಂದ, ಕಾಗದದಲ್ಲೆಲ್ಲ ಅವಳ ಹೆಸರೇ ಬಿತ್ತು. ನನ್ನ ಮಕ್ಕಳಿಗೂ ಅಸಲು ಹೆಸರು ಗೊತ್ತಿಲ್ಲ. ಮೇಲೆ ಕರಿಯೋವಾಗ ತಾಯಿ ಹೆಸರು ಹಿಡಿದೇ ಕರೀತಾರಂತೆ. ಗಾಬರೀಲಿ ನಾನೆಲ್ಲಾದ್ರೂ ಮರೆತ್ರೆ? ಸ್ನಾನ ಮಾಡ್ಸೋವಾಗ ನೀನೇ ನನ್ನ ಕಿವೀಲಿ ಹೇಳ್ಬೇಕು. ಅಲ್ಲೀವರೆಗೂ ನಿನ್ನ ಹತ್ರ ಇರ್ಲಿ." ಇಂಥ ಹೆಸರುಗಳು ಎಷ್ಟೋ. ಅವಳ ಎದೆಯೊಳಗೆ ಬೀದಿಬೀದಿಯ ತಾಯಂದಿರು ಸಾಲಾಗಿ ಕೂತಿದ್ದರು. ದೌಲತ್‌ಗೆ ಹೋದ ವಾರದಿಂದ ಉಸಿರಾಟ ಸರಿಯಿಲ್ಲ ಎಂದು ಯಾರೋ ಸಂತೆಯಲ್ಲಿ ಹೇಳಿದ್ದರು. ಮಗಳ ಮನೆ ಅಜಮಿಯ ಯಾವ ಮೂಲೆಯಲ್ಲೋ, ನಂಬರೇನೋ, ಇನ್‌ಶಿರಾಹ್‌ಗೆ ತಿಳಿಯದು. ತಿಳಿಯಬೇಕಾದ ಅಗತ್ಯವೇ ಬಂದಿರಲಿಲ್ಲ. ಕರೆ ಆ ಕಡೆಯಿಂದ ಬರಬೇಕು. ಬರುವ ದಾರಿ ಈಗ ಕೈಯಲ್ಲಿ ತಣ್ಣಗೆ ಬಿದ್ದುಕೊಂಡಿದೆ.

ಕೆಳಗೆ ಚಹಾದ ನೀರು ಬತ್ತಿ ಪಾತ್ರೆ ಸೀಯುವ ವಾಸನೆ. ಅದರ ಜೊತೆಗೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಮೊಣಕಾಲಿಗೆ ಶಾಪ ಹಾಕುವ ಸದ್ದು. ಕೆಳಮನೆಯ ಉಮ್ಮು ಶಹಾತಾ. ಅಂದರೆ ಶಹಾತಾನ ತಾಯಿ. ಅವಳ ಸ್ವಂತ ಹೆಸರನ್ನು ಬೀದಿ ಎಂದೋ ಮರೆತಿತ್ತು.

"ಬದುಕಿದೀಯೇನೇ? ಒಲೆ ಮೇಲೆ ಪಾತ್ರೆ ಸುಟ್ಕೊಂಡು ಇಲ್ಲಿ ಪಾರಿವಾಳದ ಜೊತೆ ಏನು ಮಾತು? ಫೋನ್ ಮಾಡಿ ಮಾಡಿ ಬೆರಳು ಸವೀತು. ಒಂದ್ಸಲ ಯಾವನೋ ಎತ್ತಿ ಉಸಿರು ಬಿಟ್ಟು ಇಟ್ಟುಬಿಟ್ಟ."

"ಯಾವನು?"

"ಅದನ್ನ ನೀನು ಹೇಳ್ಬೇಕು. ಈ ವಯಸ್ಸಲ್ಲಿ ಮನೇಲಿ ಗಂಡಸನ್ನ ಇಟ್ಕೊಂಡಿದೀಯ ಅಂತ ನಾನು ಅಂದ್ಕೊಳ್ಳಲಾ?" ಎಂದು ಉಮ್ಮು ಶಹಾತಾ ನಕ್ಕಳು, ಆಮೇಲೆ ನಗು ಅರ್ಧಕ್ಕೆ ನಿಂತಿತು. "ದುಡ್ಡು ತಲುಪ್ತಾ?"

"ಯಾವ ದುಡ್ಡು?"

ಉಮ್ಮು ಶಹಾತಾ ತನ್ನ ಫೋನನ್ನು ಮುಂದೆ ಹಿಡಿದಳು. ಅದರಲ್ಲಿ ಇನ್‌ಶಿರಾಹ್‌ಳ ನಂಬರು, ಇನ್‌ಶಿರಾಹ್‌ಳ ಚಿತ್ರ, ಹಜ್‌ಗೆ ಹೋದಾಗ ತೆಗೆಸಿಕೊಂಡ ಬಿಳಿ ಮುಸುಕಿನ ಚಿತ್ರವೇ. ಕೆಳಗೆ ಬರೆದಿತ್ತು: ಪ್ರಿಯ ಸೋದರಿ, ಬಡವರ ಮನೆಯಲ್ಲಿ ಒಂದು ಹೆಣ ಇದೆ, ಕಫನ್ ಬಟ್ಟೆಗೆ ದುಡ್ಡಿಲ್ಲ, ನಿನ್ನ ಕೈಲಾದಷ್ಟು ಈ ನಂಬರಿಗೆ ಕಳಿಸು, ದೇವರು ನಿನ್ನ ಕೊನೆಯನ್ನು ಹಗುರ ಮಾಡಲಿ.

"ಕಳಿಸಿದೆ ಕಣೇ. ನಾನೊಬ್ಳೇ ಅಲ್ಲ, ಬೇಕರಿಯವರ ಮನೆಯವಳು, ಆ ಸಲೂನಿನ ತಫೀದಾ, ಎಲ್ರೂ. ಹೆಣ ಅಂದ್ಮೇಲೆ ಯಾರು ಬೇಡ ಅಂತಾರೆ? ಕಳಿಸಿ ಆದ್ಮೇಲೆ ಅನ್ನಿಸ್ತು, ಇವಳು ಯಾವತ್ತು ನನ್ನ ಸೋದರಿ ಅಂದಿದಾಳೆ? 'ಏ ಕತ್ತೆ' ಅಂತಲ್ವಾ ಕರಿಯೋದು ಅಂತ."

ಇನ್‌ಶಿರಾಹ್ ಬಟ್ಟೆಯ ಹಗ್ಗ ಹಿಡಿದುಕೊಂಡಳು. ಬೇಕರಿಯವನ ಹೆಂಡತಿ ಆ ಸಂದೇಶ ಓದುತ್ತ ಗಂಡನಿಗೆ ಏನೆಂದಿರಬಹುದು ಎಂಬುದು ಅಕ್ಷರ ಅಕ್ಷರವಾಗಿ ಕೇಳಿಸಿತು: ನೋಡಿದ್ರಾ, ದುಡ್ಡು ಮುಟ್ಟಲ್ಲ ಅಂತಿದ್ಲು, ಕೊನೆಗೆ ಎಲ್ರೂ ಕೈ ಚಾಚೋರೇ. ಇಷ್ಟು ವರ್ಷ ಕಾಲೂರಿ ನಿಂತಿದ್ದ ಹಟ. ಅದರ ಕೆಳಗಿನ ಮಣ್ಣನ್ನು ಯಾರೋ ಒಂದು ಮಧ್ಯಾಹ್ನದಲ್ಲಿ ಗುದ್ದಲಿ ಹಾಕಿ ತೆಗೆದಿದ್ದ. ಗುದ್ದಲಿಯನ್ನು ಕೈಗೆ ಕೊಟ್ಟವಳು ತಾನೇ.

ನಿನ್ನೆ ಇಳಿಹೊತ್ತಿನ ಅಸರ್ ನಮಾಝಿಗೆ ಮುಂಚೆ, ಈರುಳ್ಳಿ ಹೆಚ್ಚುತ್ತಿದ್ದಾಗ ಬಂದ ಕರೆ ಅದು. ಕಂಪನಿಯಿಂದ ಅಮ್ಮಾ. ಲೈನಿನ ಮಾಲೀಕರ ವಿವರ ಹಳೇದಾಗಿದೆ, ಸರಿಮಾಡದಿದ್ರೆ ಸಂಜೆಗೆ ಲೈನು ನಿಂತುಹೋಗುತ್ತೆ. ನಿಲ್ಲುತ್ತದೆ ಎಂದಾಗ ಅವಳಿಗೆ ಕಂಡದ್ದು ದೌಲತ್‌ಳ ಮುಖ. ಮಾಲೀಕರು ಬಸ್ಯೂನಿಯವರು, ಅಲ್ವಾ? ಹೌದು ಎಂದಳು, ಬಸ್ಯೂನಿ ಒಳಕೋಣೆಯಲ್ಲಿ ಮಲಗಿದ್ದಾನೆ ಎಂಬಂತೆ. ಗಂಡ ಮಣ್ಣು ಸೇರಿ ವರ್ಷಗಳೇ ಆಗಿದ್ದವು; ಈ ಬೀದಿಯ ಎಲ್ಲ ಹೆಂಗಸರ ಲೈನಿನ ಹಾಗೆ ಅವಳದ್ದೂ ಗಂಡನ ಹೆಸರಿನಲ್ಲಿತ್ತು. ಬಂದರಿನ ಕೆಲಸ ಮುಗಿಸಿ ಬರುತ್ತ ತಂದುಕೊಟ್ಟಿದ್ದ, ಯಾವ ಹೆಂಗಸು ತಾನೇ ಅಂಗಡಿಗೆ ಹೋಗಿ ಗುರುತಿನ ಚೀಟಿ ಕೊಟ್ಟು ಲೈನು ತರುತ್ತಾಳೆ? ಅವನು ಹೋದಮೇಲೆ ಹೇಳಬೇಕಿತ್ತು, ಹೇಳಲಿಲ್ಲ. ತಿಂಗಳಿಗೊಮ್ಮೆ ಕಂಪನಿಯಿಂದ ಸಂದೇಶ ಬರುತ್ತಿತ್ತು: ಪ್ರಿಯ ಬಸ್ಯೂನಿ, ನಿಮ್ಮ ಲೈನಿನ ಅವಧಿ ಮುಗಿಯುತ್ತಿದೆ. ಬಸ್ಯೂನಿಯನ್ನು ಪ್ರಿಯ ಎಂದು ಕರೆಯುವವರು ಲೋಕದಲ್ಲಿ ಇನ್ನೊಬ್ಬರಿದ್ದಾರೆ ಎಂದು ಅವಳಿಗೆ ಅದೊಂದು ಸಮಾಧಾನ. ಆಮೇಲೆ ಆ ದನಿ ಸ್ವಲ್ಪ ತಗ್ಗಿತು. ಅವರ ತಾಯಿಯ ಹೆಸರು ಹೇಳಿ ಅಮ್ಮಾ, ಎಂದಿತು. ಆ ತಗ್ಗಿದ ದನಿಯೇ ಅವಳನ್ನು ಕೆಡವಿದ್ದು. ಯಾಕೆಂದರೆ ಅದು ಅವಳದೇ ದನಿ. ಹೆಣದ ಮನೆಯ ಬಾಗಿಲಲ್ಲಿ ನಿಂತು, ಅಳುತ್ತಿರುವ ಮಗಳನ್ನು ಪಕ್ಕಕ್ಕೆ ಕರೆದು, ಅವಳು ಕೇಳುವುದು ಹೀಗೆಯೇ, ಇಷ್ಟೇ ಮೆಲ್ಲಗೆ. ಕೇಳಿದವರು ತಡೆಯದೆ ಹೇಳಿಬಿಡುತ್ತಾರೆ. ಈ ಊರಿನ ಗಂಡಸರು ತಲೆ ಹೋದರೂ ಬಾಯಿಬಿಡದ ಹೆಸರು ತಾಯಿಯದು. ಶಾಲೆಯಲ್ಲಿ ಒಬ್ಬ ಹುಡುಗನ ತಾಯಿಯ ಹೆಸರು ಹೊರಬಿದ್ದರೆ ಅವನು ಮೀಸೆ ಬರುವವರೆಗೂ ಅದನ್ನು ಕೂಗಿಸಿಕೊಳ್ಳಬೇಕು. ಯಾರೂ ಹೇಳುವುದಿಲ್ಲ ಎಂದು ತಿಳಿದೇ ಕಂಪನಿಗಳು ಅದನ್ನು ಬೀಗದಕೈ ಮಾಡಿಕೊಂಡಿದ್ದವು. ಬಸ್ಯೂನಿ ಹೆಂಡತಿಯ ಎದುರಿಗೂ ಆ ಹೆಸರು ಆಡಿದವನಲ್ಲ; ಅವಳಿಗೆ ಅದು ತಿಳಿದದ್ದು ಅತ್ತೆ ತೀರಿಕೊಂಡ ದಿನ. ಅದನ್ನು ಇನ್‌ಶಿರಾಹ್ ಈರುಳ್ಳಿ ಹೆಚ್ಚುತ್ತ, ಮೂಗು ಸೊರಕ್ಕೆನ್ನಿಸುತ್ತ ಹೇಳಿದಳು: ಶಲಬಿಯ್ಯಾ. ಹೇಳುವಾಗ ನಾಲಗೆಗೆ ಒಂದು ಸುಖ ಆಯಿತು. ಅದೇ ಈಗ ಗಂಟಲಲ್ಲಿ ಮುಳ್ಳು. ಮಕ್ಕಳಾಗದ ಸೊಸೆಯನ್ನು 'ಬೋಳು ಗೋಡೆ' ಎಂದು ನೆಂಟರ ಮುಂದೆ ಕರೆಯುತ್ತಿದ್ದ ಅತ್ತೆಯ ಹೆಸರನ್ನು, ಅವಳ ಮಕ್ಕಳು ರೇಷ್ಮೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದ ಹೆಸರನ್ನು, ಹಳೆಯ ಬಟ್ಟೆ ಮಾರುವವನಿಗೆ ಕೊಟ್ಟ ಹಾಗೆ ಕೊಟ್ಟುಬಿಟ್ಟಿದ್ದಳು. ಅದೂ ಅಮ್ಮಾ ಎಂದು ಕರೆದದ್ದಕ್ಕೆ.

"ಮೈದುನನ್ನ ಕರ್ಕೊಂಡು ಕಂಪನಿ ಅಂಗಡಿಗೆ ಹೋಗು," ಎಂದಳು ಉಮ್ಮು ಶಹಾತಾ. "ಒಬ್ಳೇ ಹೋದ್ರೆ ಕೂರಿಸಿ ಕೂರಿಸಿ ಕಳಿಸ್ತಾರೆ. ನಾನು ಬೀದಿಗೆಲ್ಲ ಹೇಳ್ತೀನಿ, ಇದು ಇನ್‌ಶಿರಾಹ್ ಅಲ್ಲ, ಕಳ್ಳ ಅಂತ. ದುಡ್ಡಿನ ಚಿಂತೆ ಬಿಡು. ಇನ್ನು ಮೇಲೆ ನೀನು ನನ್ನ ಕತ್ತೆ ಅಂದ್ರೆ ಮಾತ್ರ ನಂಬೋದು."

ಮೈದುನ ದಸೂಕಿ ಟ್ರಾಮಿನ ಕಂಡಕ್ಟರನಾಗಿ ನಿವೃತ್ತನಾದವನು. ನಿವೃತ್ತನಾದ ಮೇಲೂ ಎಲ್ಲರನ್ನೂ ಟಿಕೆಟ್ ಇಲ್ಲದೆ ಹತ್ತಿದವರ ಹಾಗೆ ನೋಡುತ್ತಿದ್ದ. ನಿಲ್ದಾಣದ ಮುಂದಿನ ಕಾಫಿಯಂಗಡಿಯಲ್ಲಿ ಜಪಮಣಿ ತಿರುಗಿಸುತ್ತ ಕೂತಿದ್ದವನು ಅವಳನ್ನು ಕಂಡು ಎದ್ದು, ಗಂಡಸರ ನಡುವಿಂದ ಬೇಗ ಆಚೆ ಕರೆತಂದ. ಲೈನು ಹೋಗಿದೆ, ಯಾವನೋ ಅದರಲ್ಲಿ ಬೇಡುತ್ತಿದ್ದಾನೆ ಎಂದಷ್ಟೇ ಹೇಳಿದಳು. ಹೆಸರಿನ ಮಾತು ಬಾಯಿಯವರೆಗೆ ಬಂತು, ಹೊರಗೆ ಬರಲಿಲ್ಲ. "ನಾನು ಎಷ್ಟು ಸಲ ಹೇಳಿದೀನಿ ಅತ್ತಿಗೆ, ಈ ಹೆಣದ ಕೆಲ್ಸ ಬಿಡಿ ಅಂತ. ಇಡೀ ಊರಿಗೆ ನಂಬರ್ ಹಂಚಿದ್ರೆ ಇನ್ನೇನಾಗುತ್ತೆ?" ಟ್ರಾಮಿನಲ್ಲಿ ಅವನು ಗಂಡಸರ ಡಬ್ಬಿಗೆ, ಅವಳು ಹೆಂಗಸರ ಡಬ್ಬಿಗೆ ಹತ್ತಿದರು. ಕಿಟಕಿಯಾಚೆ ತಅಮಿಯಾ ಕರಿಯುವ ಅಂಗಡಿ, ವಡೆಗಳನ್ನು ಎಣ್ಣೆ ಸೋರುವ ಹಾಗೆ ಹಳೇ ಕಾಗದದಲ್ಲಿ ಕಟ್ಟಿಕೊಡುವ ಕೈ. ಎಂದೋ ಒಂದು ಬೆಳಿಗ್ಗೆ ಅಂಥ ಪೊಟ್ಟಣ ಬಿಚ್ಚಿದಾಗ ಒಳಗೆ ಯಾರೋ ಅಪರಿಚಿತ ಮುದುಕ ಎಣ್ಣೆ ಮೆತ್ತಿದ ಮುಖದಿಂದ ಅವಳನ್ನು ನೋಡಿದ್ದ; ಅವನ ಗುರುತಿನ ಚೀಟಿಯ ನಕಲು. ಆಗ ನಕ್ಕಿದ್ದಳು. ಬಸ್ಯೂನಿಯ ಪಿಂಚಣಿಗಾಗಿ ಅವಳು ಕಿಟಕಿಯಿಂದ ಕಿಟಕಿಗೆ ಅಲೆದಾಗ ಪ್ರತಿ ಕಿಟಕಿಯೂ ಅವನ ಚೀಟಿಯ ಒಂದು ನಕಲು ಕೇಳಿತ್ತು, ಕಿಟಕಿಯ ಹಿಂದಿನ ಮೇಜುಗಳ ಮೇಲೆ ಅವನ ಮುಖದ ರಾಶಿ ಬಿದ್ದಿತ್ತು. ಈಗ ಯಾವ ಊರಿನ ಯಾವ ವಡೆಯನ್ನು ಅವನು ಅಪ್ಪಿಕೊಂಡಿದ್ದಾನೋ. ಸತ್ತವರನ್ನು ಎಷ್ಟು ಚೆನ್ನಾಗಿ ತೊಳೆದು, ಎಷ್ಟು ಬಿಗಿಯಾಗಿ ಬಿಳಿ ಬಟ್ಟೆ ಸುತ್ತಿ, ಗಂಟು ಹಾಕಿ ಕಳಿಸಿದರೂ ಈ ಕಡೆ ಅವರು ಚೂರುಚೂರಾಗಿ ಉಳಿದುಬಿಡುತ್ತಾರೆ. ಆ ಚೂರುಗಳನ್ನು ಯಾರು ತೊಳೆಯಬೇಕು?

ಕಂಪನಿಯ ಅಂಗಡಿಯೊಳಗೆ ತಣ್ಣನೆಯ ಗಾಳಿ, ಆಸ್ಪತ್ರೆಯ ಹೆಣದ ಕೋಣೆಯ ಹಾಗೆ. ಗೋಡೆಯ ಮೇಲೆಲ್ಲ ಫೋನು ಹಿಡಿದು ನಗುವ ಜನ. ಸರದಿ ಬಂದಾಗ ಮೇಜಿನಾಚೆ ಇದ್ದವಳು ಒಬ್ಬ ಹುಡುಗಿ, ಎದೆಯ ಮೇಲೆ ನರ್ಮೀನ್ ಎಂಬ ಹೆಸರಿನ ಬಿಲ್ಲೆ. ಹೆಸರನ್ನು ಎದೆಗೇ ಅಂಟಿಸಿಕೊಂಡು ಕೂತಿದ್ದಾಳಲ್ಲ ಎಂದು ಇನ್‌ಶಿರಾಹ್‌ಗೆ ಅವಳ ಮೇಲೆ ಸಣ್ಣ ಮೆಚ್ಚುಗೆಯಾಯಿತು. ಹುಡುಗಿ ನಂಬರು ಒತ್ತಿದಳು, ಪರದೆ ನೋಡಿದಳು, ಮತ್ತೆ ನೋಡಿದಳು.

"ಇದರಲ್ಲೇನೂ ತಪ್ಪಿಲ್ವಲ್ಲ ಹಾಜ್ಜಾ. ಲೈನಿನ ಮಾಲೀಕರೇ ನಿನ್ನೆ ದಮನ್‌ಹೂರ್ ಶಾಖೆಗೆ ಬಂದಿದ್ರು. ಸಿಮ್ ಕಳೆದುಹೋಗಿದೆ ಅಂತ ಹೇಳಿ ಹೊಸದು ತಗೊಂಡು ಹೋಗಿದಾರೆ. ಹೊಸದು ಶುರುವಾದ ತಕ್ಷಣ ನಿಮ್ಮ ಹತ್ರ ಇರೋದು ಸತ್ತುಹೋಗುತ್ತೆ."

"ಮಾಲೀಕರಾ?"

"ಬಸ್ಯೂನಿಯವರು. ಸ್ವತಃ."

ಅಂಗಡಿಯ ಸದ್ದೆಲ್ಲ ಒಂದು ಕ್ಷಣ ನೀರಿನೊಳಗೆ ಮುಳುಗಿತು. ಬಸ್ಯೂನಿ ದಮನ್‌ಹೂರಿನ ಸರದಿಯಲ್ಲಿ ನಿಂತಿದ್ದ. ಹೆಗಲ ಮೇಲೆ ಮಣ್ಣು, ಮೂಗಿನ ಹೊಳ್ಳೆಯಲ್ಲಿ ಹತ್ತಿ, ಕೈಯಲ್ಲಿ ಸರದಿಯ ಚೀಟಿ. ಎಲ್ಲ ಕಚೇರಿಗಳಲ್ಲೂ ಮಾಡುತ್ತಿದ್ದ ಹಾಗೆ ಮುಂದಿನವನ ಬೆನ್ನಿಗೆ ಕ್ಷಮೆ ಕೇಳುತ್ತಿದ್ದ. ಅಷ್ಟು ದೂರ ಬಂದವನು ಮನೆಗೆ ಬರಲಿಲ್ಲ. ಲೈನು ಕಿತ್ತುಕೊಳ್ಳುವುದಕ್ಕೆ ಬಂದ. ತನ್ನ ತಾಯಿಯ ಹೆಸರನ್ನು ಬೀದಿಗೆಸೆದವಳ ಕೈಯಲ್ಲಿ ತನ್ನ ಲೈನು ಇರಬಾರದು ಎಂದೇ ಬಂದಿರಬೇಕು. ಅವಳಿಗರಿವಿಲ್ಲದೆ ಬಾಯಿಂದ ಮಾತು ಹೊರಬಿತ್ತು.

"ಕುಂಟ್ತಿದ್ರಾ?"

"ಏನು?"

"ಎಡಗಾಲು. ಸ್ವಲ್ಪ ಎಳೀತಿದ್ರಾ?"

ಹುಡುಗಿ ದಸೂಕಿಯ ಮುಖ ನೋಡಿದಳು. ದಸೂಕಿ ಜಪಮಣಿಯನ್ನು ಮೇಜಿನ ಮೇಲೆ ಕುಕ್ಕಿದ. "ನನ್ನಣ್ಣ ಸತ್ತು ನಾಲ್ಕು ರಮಝಾನ್ ಆಯ್ತು ಕಣಮ್ಮ! ನಾನೇ ಗೋರಿಗಿಳಿದು ಮಲಗಿಸಿ ಬಂದಿದೀನಿ. ದಮನ್‌ಹೂರಿಗೆ ಯಾವ ಟ್ರಾಮಲ್ಲಿ ಬಂದನಂತೆ?"

ಹಿಂದೆ ಸರದಿಯಲ್ಲಿದ್ದವರಲ್ಲಿ ಒಬ್ಬ ಕಿಸಕ್ಕೆಂದ. ನರ್ಮೀನ್ ನಗಲಿಲ್ಲ, ಮುಖ ಸಣ್ಣಗಾಯಿತು. ಬೇರೆ ಯಾವನೋ ನಕಲಿ ಚೀಟಿ ತೋರಿಸಿರಬೇಕು, ಆ ಹೊಸ ಸಿಮ್ಮನ್ನು ಈಗಲೇ ನಿಲ್ಲಿಸುತ್ತೇನೆ ಎಂದು ಪಟಪಟ ಒತ್ತತೊಡಗಿದಳು. ಒತ್ತುತ್ತಲೇ, ತಪ್ಪು ತಮ್ಮ ಕಡೆಯದಲ್ಲ ಎಂದು ತೋರಿಸಿಕೊಳ್ಳುವುದಕ್ಕೋ ಏನೋ, ಅಂದಳು: "ಗುಟ್ಟಿನ ಪ್ರಶ್ನೇನೂ ಕೇಳಿದಾರೆ ಚಿಕ್ಕಪ್ಪಾ. ತಾಯಿ ಹೆಸರು. ಸರಿಯಾಗೇ ಹೇಳಿದಾನೆ."

ದಸೂಕಿಯ ಬೆರಳು ಮಣಿಯ ಮೇಲೆ ನಿಂತಿತು. ಲೆಕ್ಕ ಅವನ ಮುಖದ ಮೇಲೆಯೇ ನಡೆಯುವುದನ್ನು ಇನ್‌ಶಿರಾಹ್ ನೋಡಿದಳು. ಆ ಹೆಸರು ಬಲ್ಲವರು ಗೋರಿಯಲ್ಲಿ ಇಬ್ಬರು. ನೆಲದ ಮೇಲೆ ಇಬ್ಬರು.

"ಅತ್ತಿಗೆ."

"ನಾನೇ ಹೇಳಿದ್ದು ದಸೂಕಿ. ಫೋನಲ್ಲಿ ಕೇಳಿದ. ಹೇಳ್ದೆ."

"ನನ್ನ ತಾಯಿ ಹೆಸರನ್ನ." ಅವನ ದನಿ ಏರಲಿಲ್ಲ, ಇಳಿಯಿತು. "ಬೀದೀಲಿ ಹೋಗೋನಿಗೆ. ಆ ನನ್ಮಗ ಅದನ್ನ ಬಾಯಲ್ಲಿಟ್ಕೊಂಡು ದಮನ್‌ಹೂರೆಲ್ಲ ತಿರುಗ್ತಿದಾನೆ." ಅವನು ಜಪಮಣಿ ಎತ್ತಿಕೊಂಡ. "ನಡೀರಿ ಮನೆಗೆ. ಆ ನಂಬರೂ ಅಣ್ಣನ ಜೊತೆ ಹೋಯ್ತು ಅಂದ್ಕೊಳ್ಳಿ. ಬೇಕಾದ್ರೆ ಹೊಸದೊಂದು ಕೊಡಿಸ್ತೀನಿ."

"ಹೊಸ ನಂಬರು ಗೋಡೆ ಮೇಲಿಲ್ಲ," ಎಂದಳು.

"ಯಾವ ಗೋಡೆ?"

ನರ್ಮೀನ್ ನಡುವೆ ಬಾಯಿ ಹಾಕಿದಳು: ನಂಬರು ಹಾಜ್ಜಾರ ಹೆಸರಿಗೇ ಆಗಬಹುದು. ಮರಣದ ಕಾಗದ ಬೇಕು. ವಾರಸುದಾರರಿಬ್ಬರ ಒಪ್ಪಿಗೆ ಬೇಕು. ಅಣ್ಣತಮ್ಮ ಹೌದೋ ಅಲ್ಲವೋ ಎಂದು ತಾಳೆ ನೋಡುವುದಕ್ಕೆ ಚಿಕ್ಕಪ್ಪ ತಾಯಿಯ ಪೂರ್ತಿ ಹೆಸರು ಹೇಳಬೇಕು. ಮರಣದ ಕಾಗದ ಇನ್‌ಶಿರಾಹ್‌ಳ ಚೀಲದಲ್ಲೇ ಇತ್ತು. ವಿಧವೆಯರು ಅದಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಆದರೆ ದಸೂಕಿ ಕಲ್ಲಾಗಿ ನಿಂತಿದ್ದ. ಒಮ್ಮೆ ಮೇಜಿನ ಮೇಲೆ ಬಾಗಿದ, ತುಟಿ ಆಡಿಸಿದ.

"ಕೇಳಿಸ್ಲಿಲ್ಲ ಚಿಕ್ಕಪ್ಪಾ. ಸ್ವಲ್ಪ ಜೋರಾಗಿ."

ಸರದಿಯವರೆಲ್ಲ ಕುತೂಹಲದಿಂದ ಕತ್ತು ಚಾಚಿದರು. ದಸೂಕಿಯ ಕಿವಿಗಳು ಶಾಲೆಯ ಹುಡುಗನ ಕಿವಿಗಳ ಹಾಗೆ ಕೆಂಪಾದವು. ಟ್ರಾಮಿನ ತುಂಬ ಜನರ ಮೇಲೆ ಮೂವತ್ತು ವರ್ಷ ಕೂಗಿದ ಗಂಟಲು ಒಂದು ಹೆಸರಿಗೆ ಹೆದರಿ ಒಣಗಿತ್ತು. ಇನ್‌ಶಿರಾಹ್‌ಗೆ ಆ ಕಿವಿಗಳನ್ನು ನೋಡುತ್ತ ಇನ್ನೊಂದು ಬಾಗಿಲು ನೆನಪಾಯಿತು. ಬಾಗಿಲಾಚೆ ದಸೂಕಿ ಹಣೆ ಒರಗಿಸಿ ಬಿಕ್ಕುತ್ತಿದ್ದ. ಈಚೆ ಮಣೆಯ ಮೇಲೆ ಶಲಬಿಯ್ಯಾ. ಎಲಚಿ ಎಲೆಯ ನೀರು, ಕರ್ಪೂರ, ಮೊದಲು ಬಲಗಡೆ, ಆಮೇಲೆ ಎಡಗಡೆ. ಬೋಳು ಗೋಡೆ ಎನ್ನುತ್ತಿದ್ದ ಬಾಯನ್ನು ಇದೇ ಕೈ ಮೂರು ಸಲ ಒರೆಸಿತ್ತು. ತಲೆ ತೊಡೆಯ ಮೇಲಿಟ್ಟುಕೊಂಡಾಗ ಅದು ಕಲ್ಲಂಗಡಿಯಷ್ಟು ಭಾರ, ಮಗುವಿನ ತಲೆಯಷ್ಟು ಭಾರ. ಕೂದಲು ಜಡೆ ಹಾಕುತ್ತ, ಯಾವ ಸಿಟ್ಟೂ ಇಲ್ಲದೆ, ಹೆಸರು ಹಿಡಿದು ಕರೆದಿದ್ದಳು. ಅವತ್ತು ಆ ಹೆಸರಿನಲ್ಲಿ ನಾಚಿಕೆ ಎಲ್ಲಿತ್ತು? ನಿನ್ನೆ ತಾನು ಹೇಳಿದ್ದು ತಪ್ಪು, ಹೌದು, ತಪ್ಪೇ. ಆದರೆ ಯಾರೂ ಉಸುರದ ಹಾಗೆ ಇಟ್ಟದ್ದರಿಂದಲೇ ತಾನೇ ಅದು ಕದಿಯುವ ಮಾಲಾದದ್ದು? ಅಮ್ಮಾ ಎಂದು ಕರೆದವನು ದಮನ್‌ಹೂರಿನಲ್ಲಿ ನಗುತ್ತಿರಬೇಕು: ಈ ಜನ ನಾಚಿಕೆಯಿಂದ ಸಾಯುತ್ತಾರೆ, ಬೀದಿಗೆ ಬಂದು ಕೂಗುವುದಿಲ್ಲ, ಹೊಸ ನಂಬರು ಕೊಂಡು ಸುಮ್ಮನೆ ಮನೆಗೆ ಹೋಗುತ್ತಾರೆ. ಅವಳು ಮೇಜಿನಿಂದ ಸರದಿಯ ಕಡೆ ತಿರುಗಿದಳು.

"ಶಲಬಿಯ್ಯಾ!" ಎಂದಳು. ತಣ್ಣನೆಯ ಆ ಅಂಗಡಿಯ ಕೊನೆಯ ಗೋಡೆಗೆ ಹೋಗಿ ತಾಗುವ ಹಾಗೆ. "ನನ್ನತ್ತೆ ಹೆಸರು ಶಲಬಿಯ್ಯಾ. ಕೇಳಿಸ್ತಾ ಎಲ್ರಿಗೂ? ಬರ್ಕೊಳ್ಳಿ. ನನ್ನ ಕೈಯಾರೆ ತೊಳ್ದಿದೀನಿ ಅವರನ್ನ, ಮೈ ಮೇಲೆ ಒಂದೇ ಒಂದು ನಾಚ್ಕೆಪಡೋ ಗುರುತಿರ್ಲಿಲ್ಲ. ಇದು ಗುಟ್ಟಲ್ಲ ಇನ್ನು. ಯಾವ ಕಳ್ಳನಾದ್ರೂ ಇಟ್ಕೊಳ್ಳಲಿ, ಇದ್ರಿಂದ ಯಾವ ಬೀಗಾನೂ ತೆಗೆಯಕ್ಕಾಗಲ್ಲ."

"ಅತ್ತಿಗೆ!"

"ಏನು ಅತ್ತಿಗೆ? ಮೇಲೆ ನಿನ್ನನ್ನ ತಾಯಿ ಹೆಸರು ಹಿಡಿದು ಕರೆದಾಗ್ಲೂ ಹೀಗೇ ಕಿವಿ ಕೆಂಪು ಮಾಡ್ಕೊಂಡು ನಿಲ್ತೀಯಾ? ನನ್ನ ತಾಯಿ ಯಾರೂ ಅಲ್ಲ ಅಂತೀಯಾ?"

ಸರದಿಯಲ್ಲಿದ್ದ ಒಬ್ಬ ಮುದುಕ, ಮೀನು ಮಾರುವವನಿರಬೇಕು, ತೋಳಿನ ಮೇಲೆ ಇನ್ನೂ ಮೀನಿನ ಹುರುಪೆ ಅಂಟಿತ್ತು, ಗಂಟಲು ಸರಿಮಾಡಿಕೊಂಡ. "ನಮ್ಮಜ್ಜೀನೂ ಶಲಬಿಯ್ಯಾನೇ. ದೇವರು ಇಬ್ರಿಗೂ ನೆರಳು ಕೊಡ್ಲಿ. ಬೇಗ ಮುಗ್ಸಮ್ಮ ಹುಡುಗಿ, ನನ್ನ ಮೀನು ಆಚೆ ಬಿಸ್ಲಲ್ಲಿದೆ."

ನರ್ಮೀನ್ ಕೀಲಿಗಳ ಮೇಲೆ ಬೆರಳಿಟ್ಟು ಕಾದಳು. "ಶಲಬಿಯ್ಯಾ... ಮುಂದೆ? ತಂದೆ ಹೆಸರು, ತಾತನ ಹೆಸರು?" ಅದು ಇನ್‌ಶಿರಾಹ್‌ಗೆ ಗೊತ್ತಿರಲಿಲ್ಲ. ಅಷ್ಟು ದೊಡ್ಡ ದನಿ ಅಲ್ಲಿಗೆ ಮುಗಿದುಹೋಗಿ, ಅವಳು ಬರಿಗೈಯಲ್ಲಿ ನಿಂತಳು. ಮೇಜಿನ ಮೇಲಿನ ಲೇಖನಿ, ತನ್ನದೇ ಒರಟು ಕೈಗಳು, ಕರ್ಪೂರದಿಂದ ಬಿಳ್ಚಿದ ಉಗುರುಗಳು. ದಸೂಕಿ ಅವಳ ಕಡೆ ನೋಡಲಿಲ್ಲ. ಗೋಡೆಯ ಮೇಲೆ ಫೋನು ಹಿಡಿದು ನಗುವವರ ಕಡೆ ನೋಡುತ್ತ, ಮುಂದಿನ ನಿಲ್ದಾಣದ ಹೆಸರು ಕೂಗುವ ಕಂಡಕ್ಟರನ ದನಿಯಲ್ಲಿ ಹೇಳಿದ:

"ಶಲಬಿಯ್ಯಾ ಮುತ್ವಲ್ಲಿ ಸಾಲಿಮ್. ಊರು ಫುವ್ವಾ."

ಮೇಜಿನ ಮೇಲಿನ ಲೇಖನಿ ಎಳೆದುಕೊಂಡು ಸಹಿ ಹಾಕಿದ. ಹುಡುಗಿ ಬಸ್ಯೂನಿಯ ಹೆಸರನ್ನು ಅಳಿಸಿ ಅಲ್ಲಿ ಇನ್‌ಶಿರಾಹ್ ಎಂದು ಬರೆದಾಗ ಎದೆಯಲ್ಲಿ ಒಂದು ಎಳೆ ಪಟ್ಟನೆ ಹರಿಯಿತು. ಇನ್ನು 'ಪ್ರಿಯ ಬಸ್ಯೂನಿ' ಬರುವುದಿಲ್ಲ. ಬರದಿರಲಿ. ಅವನು ಮಲಗಲಿ.

"ಈಗ ನಿಮ್ಮ ತಾಯಿ ಹೆಸರು ಹೇಳಿ ಹಾಜ್ಜಾ. ಗುಟ್ಟಿನ ಪ್ರಶ್ನೆಗೆ."

"ಹೇಳಲ್ಲ."

"ಕಂಪ್ಯೂಟರ್ ಕೇಳ್ತಿದೆ."

"ಕೇಳ್ಲಿ ಪಾಪ. ಆ ಹೆಸರು ನನ್ನನ್ನ ತೊಳ್ಯೋಳಿಗೆ. ಹೆಸರು ಹೊರಟ್ಮೇಲೆ ಬದಲಾಯಿಸಕ್ಕಾಗಲ್ಲ ಮಗಳೇ. ಬದಲಾಯಿಸಕ್ಕಾಗೋದು ಏನಾದ್ರೂ ಇದ್ರೆ ಅದನ್ನ ಬೀಗ ಮಾಡು."

ನರ್ಮೀನ್ ತುಟಿ ಕಚ್ಚಿ ಯೋಚಿಸಿದಳು. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡಳು. "ಅಂಕಿಗಳ ಗುಟ್ಟು ಇಡಬಹುದು. ಯಾರೇ ಬಂದು ಈ ನಂಬರಿಗೆ ಸಿಮ್ ಕೇಳಿದ್ರೂ, ನೀವೇ ಚೀಟಿ ಹಿಡಿದು ಎದುರು ನಿಂತು ಈ ಅಂಕಿ ಹೇಳ್ಬೇಕು, ಇಲ್ದಿದ್ರೆ ಕೊಡಬಾರ್ದು ಅಂತ ಹಾಕ್ತೀನಿ. ಹುಟ್ಟಿದ ವರ್ಷ ಬೇಡ, ಮನೆ ನಂಬರ್ ಬೇಡ. ವಾಟ್ಸ್ಯಾಪಿಗೂ ಬೇರೆ ಗುಟ್ಟಿನ ಅಂಕಿ ಹಾಕಿಕೊಡ್ತೀನಿ, ಸಿಮ್ ಹೋದ್ರೂ ಅದು ಹೋಗಬಾರ್ದು. ಇನ್ನೊಂದು, ಹಾಜ್ಜಾ: ಇದನ್ನ ಕಂಪನಿಯೋರು ಯಾರೂ ಫೋನ್ ಮಾಡಿ ಕೇಳಲ್ಲ. ನಾನೇ ಮಾಡಿ ಕೇಳಿದ್ರೂ ಹೇಳ್ಬೇಡಿ. ಕೇಳಿದೋನು ಕಳ್ಳ, ಅಷ್ಟೆ."

"ನೀನು ಕೇಳಿದ್ರೂ?"

"ನಾನು ಅಳ್ತಾ ಕೇಳಿದ್ರೂ."

ಇನ್‌ಶಿರಾಹ್ ಒಂದು ಕೈಯನ್ನು ಮರೆಮಾಡಿ ಇನ್ನೊಂದು ಕೈಯಿಂದ ಅಂಕಿಗಳನ್ನು ಒತ್ತಿದಳು. ದಸೂಕಿ ಯಾರೂ ಹೇಳದೆಯೇ ಬೆನ್ನು ತಿರುಗಿಸಿ ನಿಂತ, ಹೆಂಗಸರ ಸ್ನಾನದ ಕೋಣೆಯ ಬಾಗಿಲಲ್ಲಿ ನಿಲ್ಲುವ ಹಾಗೆ.

ಹೊರಗೆ ಟ್ರಾಮಿಗೆ ಕಾಯುತ್ತಿದ್ದಾಗ, ನರ್ಮೀನ್ ಹಾಕಿಕೊಟ್ಟ ಹೊಸ ಸಿಮ್ಮಿಗೆ ಕಡ್ಡಿಗಳು ಬಂದವು. ಒಂದು, ಆಮೇಲೆ ಉಳಿದವೆಲ್ಲ ಒಟ್ಟಿಗೆ. ಅವುಗಳನ್ನು ನೋಡುತ್ತಿರುವಾಗಲೇ ಫೋನು ಕೈಯಲ್ಲಿ ಮಿಡುಕಿತು. ಗೊತ್ತಿಲ್ಲದ ನಂಬರು. ದನಿ ಗೊತ್ತಿತ್ತು.

"ಅಮ್ಮಾ, ಕಂಪನಿಯಿಂದ. ನಿನ್ನೆ ಮಾತಾಡಿದ್ನಲ್ಲ? ನಿಮ್ಮ ಲೈನಿನಲ್ಲಿ ಏನೋ ತೊಂದ್ರೆ ಬಂದಿದೆ. ಈಗೊಂದು ಸಂದೇಶದಲ್ಲಿ ಅಂಕಿ ಬರುತ್ತೆ, ಅದನ್ನ ಓದಿ ಹೇಳ್ತೀರಾ?"

ದಸೂಕಿ ಏನೆಂದು ಹುಬ್ಬಿನಲ್ಲೇ ಕೇಳಿದ. ಅವಳು ಅವನನ್ನು ಕೈಸನ್ನೆಯಲ್ಲಿ ತಡೆದಳು. ಬೈಗುಳಗಳು ನಾಲಗೆಯ ತುದಿಗೆ ಬಂದು ನೂಕಾಡುತ್ತಿದ್ದವು. ಎಲ್ಲವನ್ನೂ ಹಿಂದಕ್ಕೆ ಕಳಿಸಿದಳು. ದನಿ ತಗ್ಗಿಸಿದಳು. ಹೆಣದ ಮನೆಯ ದನಿ, ತನ್ನ ಸ್ವಂತ ದನಿ, ಅವನು ಕದ್ದುಕೊಂಡು ಹೋಗಿದ್ದು.

"ಹೇಳ್ತೀನಿ ಮಗಾ. ಮೊದಲು ನಿನ್ನ ತಾಯಿ ಹೆಸರು ಹೇಳು."

"ಏನು?"

"ನಾನು ಸತ್ತೋರನ್ನ ತೊಳ್ಯೋಳು. ಕಫನ್ ಹೆಸರಲ್ಲಿ ದುಡ್ಡೆತ್ತಿದೀಯಲ್ಲ, ಒಂದಲ್ಲ ಒಂದು ದಿನ ಅವಳಿಗೆ ನನ್ನಂಥೋಳು ಬೇಕಾಗುತ್ತೆ. ಹೇಳು, ಹೆಸರೇನು? ನಾಚ್ಕೊಬೇಡ. ಯಾರೂ ಇಲ್ಲ ಇಲ್ಲಿ."

ಆ ಕಡೆ ಉಸಿರು ಕೇಳಿಸುತ್ತಿತ್ತು. ಉಸಿರಿನ ಹಿಂದೆ, ದೂರದಲ್ಲಿ, ಪಾತ್ರೆಯ ಸದ್ದು, ಒಬ್ಬ ಹೆಂಗಸಿನ ದನಿ: "ಎಷ್ಟೊತ್ತೋ, ಊಟ ಆರಿಹೋಗ್ತಿದೆ." ಕರೆ ಕಡಿದುಹೋಯಿತು. ಇನ್‌ಶಿರಾಹ್ ಸ್ವಲ್ಪ ಹೊತ್ತು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಟ್ರಾಮು ಬಂದು ನಿಂತಿತು. ದಸೂಕಿ ಗಂಡಸರ ಡಬ್ಬಿಯ ಕಡೆ ಎರಡು ಹೆಜ್ಜೆ ಹೋಗಿ, ನಿಂತು, ತಿರುಗಿ ಬಂದು ಅವಳ ಚೀಲ ಹಿಡಿದುಕೊಂಡ. ಮತ್ತೆ ಫೋನು ಮಿಡುಕಿತು. ಇನ್ನೊಂದು ಗೊತ್ತಿಲ್ಲದ ನಂಬರು. ಈ ಸಲ ಹೆಣ್ಣಿನ ದನಿ, ಅತ್ತು ಒಡೆದದ್ದು, ಅದರ ಒಡಕಿನಲ್ಲೇ ಅನುಮಾನ ನಿಂತಿತ್ತು.

"ಇದು ಹಾಜ್ಜಾ ಇನ್‌ಶಿರಾಹ್ ಅವರ ನಂಬರಾ? ನಾನು ಅಜಮಿಯಿಂದ. ದೌಲತ್ ಮಗಳು. ಅಮ್ಮ ಬೆಳಿಗ್ಗೆ... ಬೆಳಿಗ್ಗೆಯಿಂದ ಮಾಡ್ತಿದೀನಿ, ಯಾವನೋ ಗಂಡಸು ಎತ್ತಿ ದುಡ್ಡು ಕಳಿಸಿ ಅಂತಾನೆ. ನೀವು ಅವರೇ ಅಂತ ನಾನು ಹೇಗೆ ನಂಬ್ಲಿ?"

"ನಂಬಬೇಡ," ಎಂದಳು ಇನ್‌ಶಿರಾಹ್. "ಚೆನ್ನಾಗೇ ಮಾಡ್ತಿದೀಯ, ನಂಬಬೇಡ. ಮನೆ ಖಾಲಿ ಮಾಡಿದ ದಿನ ನಿಮ್ಮಮ್ಮ ಮಾಳಿಗೆ ಹತ್ತಿ ಬಂದು ನನ್ನ ಹತ್ರ ಒಂದು ಹೆಸರು ಇಟ್ಟು ಹೋಗಿದಾರೆ. ಅದನ್ನ ಅವರ ಕಿವೀಲಿ ಹೇಳೋವಾಗ ಪಕ್ಕದಲ್ಲಿ ನಿಂತು ನೀನೂ ಕೇಳ್ಕೋ. ಆಗ ಗೊತ್ತಾಗುತ್ತೆ."

"ಯಾವ ಹೆಸರು?"

"ಫೋನಲ್ಲಿ ಹೇಳೋದಲ್ಲ ಮಗಳೇ. ಬೀದಿ ಯಾವುದು ಅಂತ ಹೇಳು, ಬಂದೆ. ನನ್ನ ಮೈದುನ ಜೊತೇಲಿದಾನೆ. ಬೇರೆ ಯಾರಿಗೂ ಮುಟ್ಟಕ್ಕೆ ಬಿಡ್ಬೇಡ. ನೀರು ಕಾಯಿಸು."